ಕೋಳಿ ಮರಿ ಹೊಟ್ಟೆ, ಕಾಳು ಚೀಲ, ಹಿಕ್ಕೆ: ಪದೇ ಪದೇ ಕೇಳೋ ಪ್ರಶ್ನೆಗಳು

ತಿಪಟೂರು ಕಡೆ ತೆಂಗಿನ ತೋಟದಲ್ಲಿ ನಮ್ಮದು ನಾಟಿ ಕೋಳಿ, ಜೊತೆಗೆ ಒಂದಷ್ಟು ಗಿರಿರಾಜ. ವರ್ಷಕ್ಕೆ ನಾಲ್ಕೈದು ಸಲ ಮರಿ ಇಳಿಸ್ತೀವಿ, ಕೆಲವು ಹೇಂಟೆ ಕೆಳಗೆ, ಕೆಲವು ಬಲ್ಬ್ ಕೆಳಗೆ. ನಾನು ಡಾಕ್ಟರ್ ಅಲ್ಲ. ಆದ್ರೂ ಸಂತೇಲಿ, ಮದುವೆ ಮನೇಲಿ, ರಾತ್ರಿ ಹತ್ತು ಗಂಟೆಗೆ ಫೋನಲ್ಲಿ ಜನ ಕೇಳೋದು ಅವೇ ಪ್ರಶ್ನೆ, ಹೇಳಿದ್ದೇ ಹೇಳಿ ಸಾಕಾಗಿ ಒಂದ್ಕಡೆ ಬರೆದಿಟ್ಟಿದೀನಿ. ಯಾರಾದ್ರೂ ಮರಿ ಹೊಟ್ಟೆ ಕೆಟ್ಟಿದೆ ಏನ್ ಔಷಧಿ ಅಂದ್ರೆ ನಾನು ತಿರುಗಿ ಕೇಳೋದು ಬಲ್ಬ್ ಎಷ್ಟು ಎತ್ತರದಲ್ಲಿದೆ, ನೀರಿನ ಡಬ್ಬಿ ಸುತ್ತ ನೆಲಕ್ಕೆ ಹಾಸಿರೋ ಹೊಟ್ಟು ಒದ್ದೆ ಇದ್ಯಾ ಅಂತ. ಕೆಲವರಿಗೆ ಸಿಟ್ಟು ಬರುತ್ತೆ, ಔಷಧಿ ಕೇಳಿದ್ರೆ ಬಲ್ಬ್ ಕತೆ ಹೇಳ್ತಾಳೆ ಅಂತ. ಏನ್ ಮಾಡೋದು, ಬಹುಪಾಲು ಸಲ ಕತೆ ಅಲ್ಲೇ ಇರುತ್ತೆ.

## ಮೊದಲ ವಾರದ್ದು

ಅಕ್ಕ, ಮರಿ ಎದೆ ಮೇಲೆ ಬಲಗಡೆ ಗಂಟು ತರ ಉಬ್ಬಿದೆ, ಗಡ್ಡೆ ಏನಾದ್ರೂ ಬಂದಿದ್ಯಾ?

ಗಡ್ಡೆ ಅಲ್ಲ, ಅದು ಹೊಟ್ಟೆ ತುಂಬಾ ತಿಂದಿರೋ ಗುರುತು. ಕೋಳಿಗೆ ಹಲ್ಲಿಲ್ಲ, ಕೊಕ್ಕಲ್ಲಿ ಎತ್ತಿದ್ದನ್ನ ಹಾಗೇ ನುಂಗುತ್ತೆ, ನುಂಗಿದ್ದು ಕುತ್ತಿಗೆ ಬುಡದಲ್ಲಿ ಸ್ವಲ್ಪ ಬಲಕ್ಕಿರೋ ಒಂದು ಚೀಲದಲ್ಲಿ ಹೋಗಿ ಕೂರುತ್ತೆ. ಡಾಕ್ಟರ್‌ಗಳು ಕ್ರಾಪ್ ಅಂತಾರೆ, ನಮ್ಮ ಮನೇಲಿ ಕಾಳು ಚೀಲ ಅಂತೀವಿ. ಅಲ್ಲಿ ನೆನೆದು ಮೆತ್ತಗಾಗಿ ಸ್ವಲ್ಪ ಸ್ವಲ್ಪವೇ ಕೆಳಗಿಳಿದು, ರಸ ಬಿಡೋ ಒಂದು ಸಣ್ಣ ಹೊಟ್ಟೆ ದಾಟಿ, ಆಮೇಲೆ ಗಿಜರ್ಡ್‌ಗೆ ಹೋಗುತ್ತೆ. ಗಿಜರ್ಡ್ ಅಂದ್ರೆ ಕೋಳಿ ಅಂಗಡೀಲಿ ಲಿವರ್ ಜೊತೆ ಹಾಕಿಕೊಡ್ತಾರಲ್ಲ, ಆ ಗಟ್ಟಿ ಉಂಡೆ, ಅದೇ ಅದರ ಬೀಸೋ ಕಲ್ಲು. ಚೀಲ ಸಂಜೆ ಉಬ್ಬಿ ಬೆಳಿಗ್ಗೆ ಇಳಿದಿದ್ರೆ ಎಲ್ಲಾ ಸರಿ ಇದೆ ಅಂತ ಅರ್ಥ.

ಚೀಲ ಸರಿ ಇದ್ಯೋ ಇಲ್ವೋ ಮುಟ್ಟಿ ನೋಡೋದು ಹೆಂಗೆ, ಮರಿ ಅಷ್ಟು ಚಿಕ್ಕದು ಭಯ ಆಗುತ್ತೆ

ಮರಿನ ಅಂಗೈ ಮೇಲೆ ಕೂರಿಸಿ, ಇನ್ನೊಂದು ಕೈಯಿಂದ ಮೇಲೆ ಮುಚ್ಚಿ ಹಿಡೀರಿ, ಕತ್ತಲಾದ್ರೆ ತಾನೇ ಸುಮ್ನಾಗುತ್ತೆ. ಆಮೇಲೆ ತೋರುಬೆರಳಿನ ಮೆತ್ತನೆ ತುದಿಯಿಂದ ಕುತ್ತಿಗೆ ಬುಡ ಸವರಿ. ಒತ್ತೋದು ಬೇಡ, ಸವರಿದ್ರೆ ಸಾಕು. ಮೊದಲ ದಿನ ಹೊಟ್ಟೆ ತುಂಬಿರೋ ಮರಿಗೆ ದೊಡ್ಡ ಬಟಾಣಿ ಕಾಳಿನಷ್ಟು ಸಿಗುತ್ತೆ, ಗಂಜಿ ತುಂಬಿದ ಸಣ್ಣ ಚೀಲ ಮುಟ್ಟಿದಂಗೆ ಮೆತ್ತಗೆ. ಕಲ್ಲಿನಂಗೆ ಗಟ್ಟಿ, ಒಳಗೆ ಪುಡಿ ಪುಡಿ ಸಿಗ್ತಿದೆ ಅಂದ್ರೆ ಮೇವು ತಿಂದಿದೆ, ನೀರು ಕುಡಿದಿಲ್ಲ. ಬರೀ ನೀರಿನ ಬಲೂನ್ ತರ ಇದೆ ಅಂದ್ರೆ ನೀರು ಸಿಕ್ಕಿದೆ ಮೇವು ಸಿಕ್ಕಿಲ್ಲ. ಏನೂ ಸಿಗ್ಲಿಲ್ಲ ಅಂದ್ರೆ ಎರಡೂ ಇಲ್ಲ.

ದೊಡ್ಡ ಫಾರಂಗಳಲ್ಲೂ ಇದನ್ನೇ ಮಾಡ್ತಾರೆ, ಮರಿ ಬಿಟ್ಟು 24 ಗಂಟೆ ಆದ್ಮೇಲೆ ಅಲ್ಲಲ್ಲಿ ಹಿಡಿದು ಚೀಲ ನೋಡ್ತಾರೆ, ನೂರಕ್ಕೆ 95ಕ್ಕಿಂತ ಹೆಚ್ಚು ಮರಿಗೆ ತುಂಬಿರ್ಬೇಕು, ಕಮ್ಮಿ ಇದ್ರೆ ಬಿಸಿ, ಬೆಳಕು, ನೀರು ಇವುಗಳಲ್ಲಿ ಏನೋ ತಪ್ಪಿದೆ ಅಂತ ಲೆಕ್ಕ. ನಮ್ಮ ಇಪ್ಪತ್ತು ಮರಿಗೆ ಅಷ್ಟೆಲ್ಲಾ ಲೆಕ್ಕ ಬೇಡ, ರಾತ್ರಿ ಮಲಗೋ ಮುಂಚೆ ಒಂದು ಸಲ, ಬೆಳಿಗ್ಗೆ ಮೇವು ಹಾಕೋ ಮುಂಚೆ ಒಂದು ಸಲ ಸವರಿದ್ರೆ ಆಯ್ತು. ನಾಲ್ಕು ದಿನ ಮಾಡಿದ್ರೆ ಕೈಗೇ ಗೊತ್ತಾಗುತ್ತೆ.

ಮೊಟ್ಟೆ ಒಡೆದು ಬಂದು ಒಂದಿನ ಆಯ್ತು ಏನೂ ತಿಂದಿಲ್ಲ, ಬಾಯಿ ಬಿಡಿಸಿ ತುರುಕ್ಲಾ?

ಬೇಡ ಬೇಡ. ಮರಿ ಹೊರಗೆ ಬರೋ ಮುಂಚೆ ಮೊಟ್ಟೆ ಹಳದಿ ಭಾಗನ ಹೊಟ್ಟೆ ಒಳಗೆ ಎಳ್ಕೊಂಡಿರುತ್ತೆ, ಅದರಲ್ಲೇ ಎರಡು ಮೂರು ದಿನ ತಳ್ಳುತ್ತೆ, ಹ್ಯಾಚರಿಯಿಂದ ಡಬ್ಬಿ ಒಳಗೆ ಬಸ್ಸಲ್ಲಿ ಬರೋ ಮರಿಗಳು ಬದುಕೋದು ಹಾಗೇ. ಅದಿದೆ ಅಂತ ಕಾಯಿಸೋದೂ ಬೇಡ, ಎಷ್ಟು ಬೇಗ ಕುಡಿದು ತಿಂದ್ರೆ ಕರುಳು ಅಷ್ಟು ಚೆನ್ನಾಗಿ ಬೆಳೆಯುತ್ತೆ. ಒಂದೊಂದೇ ಮರಿ ಎತ್ತಿ ಕೊಕ್ಕಿನ ತುದಿ ಮಾತ್ರ ನೀರಿಗೆ ಅದ್ದಿ ಬಿಡಿ, ತಲೆ ಎತ್ತಿ ನುಂಗುತ್ತೆ, ಒಂದು ಕಲಿತ್ರೆ ಉಳಿದವು ನೋಡ್ಕೊಂಡು ಕಲಿಯುತ್ವೆ. ಆಮೇಲೆ ಪೇಪರ್ ಮೇಲೆ ಮೇವು ಚೆಲ್ಲಿ ಬೆರಳಿಂದ ಟಕ ಟಕ ಕುಟ್ಟಿ, ಅವ್ವ ಕುಕ್ಕಿದಂಗೆ ಅನ್ಸಿ ಓಡಿ ಬರುತ್ವೆ.

ಹಿಂದ್ಗಡೆ ಹಿಕ್ಕೆ ಅಂಟ್ಕೊಂಡು ಗಟ್ಟಿ ಆಗಿದೆ, ಕೀಳಕ್ಕೆ ಹೋದ್ರೆ ಕಿರುಚುತ್ತೆ, ಬಿಟ್ರೆ ಉದುರುತ್ತಾ?

ಬಿಟ್ರೆ ಉದುರಲ್ಲ, ಮರಿ ಹೋಗುತ್ತೆ. ದಾರಿ ಮುಚ್ಚಿಹೋದ್ರೆ ಹೊರಗೆ ಹಾಕಕ್ಕಾಗಲ್ಲ, ಒಂದೆರಡು ದಿನದಲ್ಲಿ ಹೊಟ್ಟೆ ಊದಿ ಸಾಯುತ್ತೆ. ಹಂಗಂತ ಒಣಗಿದ್ದನ್ನ ಕಿತ್ರೆ ಪುಕ್ಕದ ಜೊತೆ ಚರ್ಮನೂ ಬರುತ್ತೆ, ರಕ್ತ ಬಂದ್ರೆ ಉಳಿದ ಮರಿಗಳು ಅಲ್ಲೇ ಕುಕ್ಕೋದಕ್ಕೆ ಶುರು ಮಾಡುತ್ವೆ.

ನಾನು ಮಾಡೋದು ಹಿಂಗೆ. ಒಂದು ಲೋಟ ಬೆಚ್ಚಗಿನ ನೀರು, ಮೊಣಕೈಗೆ ಹಾಕ್ಕೊಂಡ್ರೆ ಹಿತವಾಗಿರ್ಬೇಕು, ಮಗು ಸ್ನಾನದ ನೀರು ನೋಡ್ತೀವಲ್ಲ ಹಂಗೆ. ಹಳೇ ಪಂಚೆ ಬಟ್ಟೆ ತುಂಡು ಅಥವಾ ಹತ್ತಿ ಅದ್ದಿ ಆ ಗಟ್ಟಿ ಜಾಗದ ಮೇಲೆ ಇಟ್ಟು ಒಂದೆರಡು ನಿಮಿಷ ಸುಮ್ನೆ ಹಿಡ್ಕೊಳ್ಳೋದು. ಉಜ್ಜಬಾರದು. ಕರಗೋಕೆ ಶುರುವಾದ್ಮೇಲೆ ಬಟ್ಟೆ ಬದಲಾಯಿಸಿ ಮತ್ತೆ ಇಡೋದು, ಮೂರ್ನಾಲ್ಕು ಸಲಕ್ಕೆ ಮೆತ್ತಗಾಗಿ ಮೇಲಿನ ಪದರ ತಾನಾಗೇ ಬಟ್ಟೆಗೆ ಬರುತ್ತೆ, ಕೊನೇಲಿ ಒಳಗಿದ್ದದ್ದು ಪುಸಕ್ ಅಂತ ಕೈ ಮೇಲೇ ಬರುತ್ತೆ, ಆಗ ಮರಿ ಮೈ ಸಡಿಲ ಬಿಡೋದು ಕೈಗೆ ಗೊತ್ತಾಗುತ್ತೆ. ಚೆನ್ನಾಗಿ ಒರೆಸಿ, ಬಲ್ಬ್ ಹತ್ರ ಹಿಡಿದು ಪೂರ್ತಿ ಒಣಗಿಸಿ ಆಮೇಲೆ ಒಂದು ಹನಿ ಕೊಬ್ಬರಿ ಎಣ್ಣೆ ಇಲ್ಲಾ ವ್ಯಾಸಲೀನ್ ಸವರಿ ಬಿಡಿ. ಒದ್ದೆ ಮರಿನ ಹಾಗೇ ಬಿಟ್ರೆ ಚಳಿ ಹಿಡಿದು ಮತ್ತೆ ಅದೇ ಶುರು. ದಿನಕ್ಕೆ ಎರಡು ಸಲ ನೋಡಿ, ಮೊದಲ ವಾರ ಹತ್ತು ದಿನ ಕಳೆದ್ರೆ ಸಾಮಾನ್ಯವಾಗಿ ಇದರ ಕಾಟ ಇರಲ್ಲ.

ಒಂದು ಎಚ್ಚರ. ಹೊಕ್ಕಳು ಹಿಕ್ಕೆ ಹಾಕೋ ಜಾಗಕ್ಕಿಂತ ಸ್ವಲ್ಪ ಮುಂದೆ, ಹೊಟ್ಟೆ ಮೇಲಿರುತ್ತೆ, ಮೊದಲೆರಡು ದಿನ ಅಲ್ಲಿ ಕಪ್ಪು ಹಕ್ಕಳೆ ತರ ಇರ್ಬಹುದು, ಅದನ್ನ ಹಿಕ್ಕೆ ಅಂದ್ಕೊಂಡು ಕಿತ್ತು ಹಾಕಿದವರಿದ್ದಾರೆ. ಅದನ್ನ ಮುಟ್ಟೋಹಾಗಿಲ್ಲ.

ಒಂದಕ್ಕೆ ತೊಳೆದ್ರೆ ನಾಳೆ ಇನ್ನೊಂದಕ್ಕೆ ಅಂಟಿರುತ್ತೆ, ಯಾಕಿಂಗೆ?

ಇಲ್ಲೇ ಬಲ್ಬ್ ಕತೆ ಬರೋದು. ಚಳಿ ಆದ್ರೂ ಹಿಂಗಾಗುತ್ತೆ, ಅತಿ ಬಿಸಿ ಆದ್ರೂ ಆಗುತ್ತೆ, ಬಸ್ಸಲ್ಲಿ ಬಂದು ನೀರಿಲ್ಲದೆ ಒಣಗಿದ್ರೂ ಆಗುತ್ತೆ. ಮೊದಲ ವಾರ ಮರಿ ಇರೋ ಮಟ್ಟದಲ್ಲಿ ಸುಮಾರು 35 ಡಿಗ್ರಿ ಬೇಕು, ಆಮೇಲೆ ವಾರಕ್ಕೆ 3 ಡಿಗ್ರಿಯಂತೆ ಇಳಿಸ್ತಾ ಹೋಗೋದು. ಥರ್ಮಾಮೀಟರ್ ಇಲ್ಲದಿದ್ರೆ ಮರಿನೇ ನೋಡಿ: ಬಲ್ಬ್ ಕೆಳಗೆ ಒಂದರ ಮೇಲೊಂದು ಬಿದ್ದು ಕೀಚ್ ಕೀಚ್ ಅಂತಿದ್ರೆ ಚಳಿ, ಗೋಡೆಗೆ ಅಂಟಿ ಬಾಯಿ ತೆರೆದು ಏದುಸಿರು ಬಿಡ್ತಿದ್ರೆ ಸೆಕೆ, ಎಲ್ಲಾ ಕಡೆ ಹರಡ್ಕೊಂಡು ಕೆಲವು ತಿಂತಾ ಕೆಲವು ಕಾಲು ಚಾಚಿ ಮಲಗಿದ್ರೆ ಸರಿ.

ಇತ್ತೀಚೆಗೆ ನಾನು ಹೆಚ್ಚಾಗಿ ನೋಡ್ತಿರೋ ತಪ್ಪು ಎಲ್‌ಇಡಿ ಬಲ್ಬ್. ಅಂಗಡೀಲಿ ಅದೇ ಸಿಗೋದು, ತಂದು ಪೆಟ್ಟಿಗೆಗೆ ಕಟ್ತಾರೆ, ಬೆಳಕು ಝಗಝಗ, ಬಿಸಿ ಮಾತ್ರ ಸೊನ್ನೆ. ಹಳೇ ಕಾಲದ ತಂತಿ ಬಲ್ಬೇ ಬೇಕು, 60 ವ್ಯಾಟ್‌ದೋ 100 ವ್ಯಾಟ್‌ದೋ, ಇಲ್ಲಾ ಬ್ರೂಡಿಂಗ್‌ಗೆ ಅಂತಲೇ ಬರೋ ಕೆಂಪು ಬಲ್ಬ್. ಕರೆಂಟ್ ಹೋಗುತ್ತೆ ಅಂತ ಇದ್ದಿಲು ಬಕೆಟ್ ಇಡೋರು ಕಿಟಕಿ ಮುಚ್ಚಬೇಡಿ, ಹೊಗೆ ಇಲ್ಲದಿದ್ರೂ ಕೆಂಡದ ಗಾಳಿ ಮರಿಗೂ ಮನುಷ್ಯರಿಗೂ ಪ್ರಾಣಕ್ಕೇ ಅಪಾಯ. ಬಾಟಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಇಡೋದೇ ವಾಸಿ.

ಹೇಂಟೆ ಕೆಳಗೆ ಬೆಳೆದ ಮರಿಗೆ ಈ ತೊಂದರೆ ಅಪರೂಪ. ಅವಳ ಹೊಟ್ಟೆ ಬಿಸಿಗೆ ಸರಿಸಮ ಯಾವ ಬಲ್ಬೂ ಇಲ್ಲ ಬಿಡಿ.

ಹೊಟ್ಟೆ ಊದಿ ಹೊಕ್ಕಳು ಒದ್ದೆ ಇದೆ, ಒಂಥರಾ ವಾಸನೆ ಬರ್ತಿದೆ

ಇದು ಹೊಕ್ಕಳಿಗೆ ಸೋಂಕು ಹತ್ತಿ ಒಳಗಿನ ಹಳದಿ ಕೊಳೆತಿರೋದು. ಗಲೀಜು ಮೊಟ್ಟೆ ಕಾವಿಗಿಟ್ಟಾಗ, ಇನ್‌ಕ್ಯುಬೇಟರ್ ತೊಳೆಯದೆ ಇಟ್ಟಾಗ ಆಗುತ್ತೆ. ನೇರವಾಗಿ ಹೇಳ್ತೀನಿ, ಇಂಥ ಮರಿ ಉಳಿಯೋದು ತೀರಾ ಕಮ್ಮಿ, ಬಹುತೇಕ ಮೊದಲ ವಾರದಲ್ಲೇ ಹೋಗುತ್ತೆ. ಬೇರೆ ಇಟ್ಟು ಬೆಚ್ಚಗೆ ನೋಡ್ಕೊಳ್ಳಿ, ಹೊಟ್ಟೆ ಹಿಸುಕಬೇಡಿ. ಮುಂದಿನ ಸಲ ಹಿಕ್ಕೆ ಮೆತ್ತಿದ ಮೊಟ್ಟೆ ಕಾವಿಗೆ ಇಡಬೇಡಿ.

ಜಾತ್ರೇಲಿ ಮಗಳಿಗೆ ಅಂತ ಪಿಂಕ್ ಕಲರ್ ಮರಿ ತಂದೆ, ನೀರು ನೀರು ಹಿಕ್ಕೆ, ತೂಕಡಿಸ್ತಾ ಇದೆ

ಅವು ಸಾಮಾನ್ಯವಾಗಿ ಮೊಟ್ಟೆ ಕೋಳಿ ಜಾತಿಯ ಹುಂಜದ ಮರಿಗಳು, ಹ್ಯಾಚರಿಗೆ ಬೇಡವಾದವು, ಬಣ್ಣ ಹಾಕಿ ಮಾರ್ತಾರೆ. ಒದ್ದೆಯಾಗಿ, ಬಿಸಿಲಲ್ಲಿ ಕೂತು, ನೀರಿಲ್ಲದೆ ಬಂದಿರುತ್ತೆ. ಮೊದಲು ಬಿಸಿ, ಆಮೇಲೆ ನೀರು: ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೇಬಲ್ ಚಮಚ ಸಕ್ಕರೆ, ಒಂದು ಚಿಟಿಕೆ ಉಪ್ಪು. ಅರ್ಧ ದಿನ ಅದು, ಆಮೇಲೆ ಬರೀ ನೀರು. ಮಕ್ಕಳು ಕೈಲಿಟ್ಕೊಂಡು ಮುದ್ದಾಡೋದು ಎರಡು ದಿನ ನಿಲ್ಲಿಸಿ, ಮುಟ್ಟಿದ ಮೇಲೆ ಸೋಪ್ ಹಾಕಿ ಕೈ ತೊಳೆಸಿ, ಮರಿ ನೋಡೋಕೆ ಚೆನ್ನಾಗಿದ್ರೂ ಹಿಕ್ಕೇಲಿ ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಇರ್ಬಹುದು. ಇನ್ನು ಮುಂದೆ ಮಗಳಿಗೆ ಬಲೂನ್ ಕೊಡ್ಸಿ.

## ಮೇವು, ನೀರು, ಮನೆ ಮದ್ದು

ನಮ್ಮಜ್ಜಿ ಕಾಲದಲ್ಲಿ ರಾಗಿ ನುಚ್ಚು ಹಾಕಿ ಬೆಳೆಸ್ತಿದ್ರು, ಈಗ ಸ್ಟಾರ್ಟರ್ ಫೀಡೇ ಬೇಕಾ?

ಅಜ್ಜಿ ಕಾಲದಲ್ಲಿ ಹೇಂಟೆ ಮರಿನ ತಿಪ್ಪೆಗೆ ಕರ್ಕೊಂಡು ಹೋಗಿ ಗೆದ್ದಲು, ಹುಳ ತಿನ್ನಿಸ್ತಿತ್ತು, ನುಚ್ಚು ಬರೀ ಮೇಲೋಗರ. ಪೆಟ್ಟಿಗೇಲಿ ಕೂಡಿಹಾಕಿ ಬರೀ ನುಚ್ಚು ಹಾಕಿದ್ರೆ ಪ್ರೊಟೀನ್ ಸಾಲಲ್ಲ, ಮರಿಗೆ 20ರಿಂದ 22 ಪರ್ಸೆಂಟ್ ಬೇಕು, ಅಕ್ಕಿ ರಾಗಿಯಲ್ಲಿ 7, 8ರ ಸುಮಾರು ಇರುತ್ತೆ. ಅದಕ್ಕೇ ಮೊದಲ ಆರು ಏಳು ವಾರ ಸ್ಟಾರ್ಟರ್, ಅಂದ್ರೆ ಮರಿಗೆ ಅಂತಲೇ ಬರೋ ಮೇವು, ಪುಡಿ ಅಥವಾ ಸಣ್ಣ ಹರಳು. ಮೊಟ್ಟೆ ಕೋಳಿಗೆ ಹಾಕೋ ಲೇಯರ್ ಫೀಡ್ ಮಾತ್ರ ಮರಿಗೆ ಹಾಕಬೇಡಿ, ಅದರಲ್ಲಿ ಸುಣ್ಣದಂಶ ಮೂರು ನಾಲ್ಕು ಪಟ್ಟು ಹೆಚ್ಚು, ಮರಿ ಕಿಡ್ನಿ ಕೆಡುತ್ತೆ.

ಅನ್ನ ಸಾರು ಬೆರೆಸಿ ಹಾಕೋದು, ಅದು ಇನ್ನೊಂದು. ಸಾರಿನ ಉಪ್ಪು ಮರಿಗೆ ಜಾಸ್ತಿ, ನೀರು ಕುಡ್ದು ಕುಡ್ದು ಭೇದಿ. ಬೇಯಿಸಿದ ಮೊಟ್ಟೆ ಪುಡಿ ಮಾಡಿ ಹಾಕ್ತಾರೆ, ಸ್ವಲ್ಪ ಹಾಕಿದ್ರೆ ತೊಂದರೆ ಇಲ್ಲ, ಆದ್ರೆ ಒದ್ದೆ ಮೇವು ಯಾವ್ದೇ ಆಗ್ಲಿ ಗಂಟೆ ಎರಡು ಗಂಟೆ ಆದ್ಮೇಲೆ ಎತ್ತಿಬಿಡ್ಬೇಕು, ಬಲ್ಬ್ ಬಿಸಿಗೆ ಹುಳಿ ಬರುತ್ತೆ.

ಹೊಟ್ಟು ತಿಂತಿದಾವೆ ಮರಿಗಳು, ಏನಾಗುತ್ತೆ?

ಮೊದಲ ಮೂರ್ನಾಲ್ಕು ದಿನ ಮೇವು ಯಾವ್ದು ಹೊಟ್ಟು ಯಾವ್ದು ಗೊತ್ತಾಗಲ್ಲ ಅವಕ್ಕೆ. ಮರದ ಪುಡಿ ತಿಂದ್ರೆ ಚೀಲದಲ್ಲೋ ಗಿಜರ್ಡ್‌ನಲ್ಲೋ ಕಟ್ಕೊಳುತ್ತೆ. ಭತ್ತದ ಹೊಟ್ಟಿನ ಮೇಲೆ ಪೇಪರ್ ಹಾಸಿ ಅದರ ಮೇಲೆ ಮೇವು ಚೆಲ್ಲಿ, ನಾಲ್ಕನೇ ದಿನ ಪೇಪರ್ ತೆಗೀರಿ. ನುಣುಪು ಪೇಪರ್ ಬೇಡ, ಮಡಚಿ ಸುಕ್ಕು ಮಾಡಿ ಹಾಸಿ ಇಲ್ಲಾ ಗೋಣಿಚೀಲ ಹಾಸಿ, ಜಾರಿದ್ರೆ ಕಾಲು ಅಗಲ ಆಗಿ ನಿಲ್ಲಕ್ಕಾಗಲ್ಲ, ಆಮೇಲೆ ಅದೊಂದು ಗೋಳು.

ಮರಳು ಹಾಕ್ಬೇಕಾ ಬೇಡ್ವಾ, ಒಬ್ಬೊಬ್ರು ಒಂದೊಂದು ಹೇಳ್ತಾರೆ

ಬರೀ ಸ್ಟಾರ್ಟರ್ ತಿನ್ನೋ ಮರಿಗೆ ಬೇಕಿಲ್ಲ. ಕಾಳು, ಸೊಪ್ಪು, ಹುಲ್ಲು ಏನಾದ್ರೂ ಕೊಡೋಕೆ ಶುರು ಮಾಡಿದ್ರೆ ತೊಳೆದು ಒಣಗಿಸಿದ ಹೊಳೆ ಮರಳು, ರಾಗಿ ಕಾಳಿನ ಗಾತ್ರದ್ದು, ಒಂದು ಚಿಪ್ಪಲ್ಲಿ ಬೇರೆ ಇಡಿ. ಕಪ್ಪೆಚಿಪ್ಪಿನ ಪುಡಿ ಮರಳಲ್ಲ, ಅದು ಸುಣ್ಣ, ಮೊಟ್ಟೆ ಇಡೋರಿಗೆ.

ಅರಿಶಿನ, ಬೆಳ್ಳುಳ್ಳಿ, ಮಜ್ಜಿಗೆ, ಬೆಲ್ಲದ ನೀರು, ಇವೆಲ್ಲಾ ಕೆಲಸ ಮಾಡುತ್ತಾ?

ಬೆಲ್ಲದ ನೀರು ದೂರದಿಂದ ಬಂದ ಮರಿಗೆ ಮೊದಲ ಕೆಲವು ಗಂಟೆ ಒಳ್ಳೇದು, ಶಕ್ತಿ ಬರುತ್ತೆ. ದಿನಗಟ್ಟಲೆ ಕೊಟ್ರೆ ಹಿಕ್ಕೆ ತೆಳ್ಳಗಾಗಿ ಅಂಟೋಕೆ ಶುರುವಾಗುತ್ತೆ, ಇರುವೆ ಬೇರೆ. ಮಜ್ಜಿಗೆ: ಹಾಲಿನ ಸಕ್ಕರೆ ಅರಗಿಸೋ ಶಕ್ತಿ ಕೋಳಿಗಿಲ್ಲ, ಹುಳಿ ಮಜ್ಜಿಗೆ ಒಂದೆರಡು ಚಮಚ ಇಪ್ಪತ್ತು ಮರಿ ಮೇವಿಗೆ ಬೆರೆಸಿದ್ರೆ ಏನಾಗಲ್ಲ, ಬಟ್ಟಲು ತುಂಬ ಇಟ್ರೆ ಭೇದಿ. ಅರಿಶಿನ ಬೆಳ್ಳುಳ್ಳಿ ನಮ್ಮತ್ತೆ ಹಾಕ್ತಾರೆ, ನಾನು ಬೇಡ ಅನ್ನಲ್ಲ, ಆದ್ರೆ ರಕ್ತ ಭೇದಿ ಬಂದಾಗ ಅರಿಶಿನ ಹಾಕ್ತಾ ಮೂರು ದಿನ ಕಾದ್ರೆ ಅರ್ಧ ಮರಿ ಇರಲ್ಲ, ಅದನ್ನ ಕಣ್ಣಾರೆ ನೋಡಿದೀನಿ. ವಿನಿಗರ್ ಕೂಡ ಈಗ ಫ್ಯಾಷನ್, ಹಾಕೋರು ತಗಡಿನ ನೀರು ಪಾತ್ರೇಲಿ ಹಾಕಬೇಡಿ, ಹುಳಿಗೆ ಸತು ಬಿಡುತ್ತೆ, ಅದು ವಿಷ.

## ಹಿಕ್ಕೆ ನೋಡಿ ತಿಳಿಯೋದು

ಕೆಲವೊಂದು ಹಿಕ್ಕೆ ಚಾಕಲೇಟ್ ತರ ಕಂದು, ಅಂಟು, ಕೆಟ್ಟ ವಾಸನೆ, ಭೇದಿ ತಾನೇ?

ಅಲ್ಲ. ಕೋಳಿಗೆ ಕರುಳಿನ ಕೊನೇಲಿ ಎರಡು ಕುರುಡು ಚೀಲ ಇರುತ್ತೆ, ಅವು ದಿನಕ್ಕೆ ಕೆಲವು ಸಲ ಖಾಲಿ ಮಾಡ್ಕೊಳ್ಳೋದು ಹಿಂಗೇ. ಎಂಟು ಹತ್ತು ಸಾಧಾರಣ ಹಿಕ್ಕೆಗೆ ಒಂದು ಹಿಂಗಿದ್ರೆ ಅದು ಆರೋಗ್ಯ. ಸಾಧಾರಣ ಹಿಕ್ಕೆ ಮೇಲೆ ಬಿಳಿ ಟೋಪಿ ಇರುತ್ತಲ್ಲ, ಅದು ಅದರ ಮೂತ್ರ. ಅಪರೂಪಕ್ಕೆ ಕೆಂಪು ಕಿತ್ತಳೆ ಬಣ್ಣದ ಲೋಳೆ ತುಣುಕು ಕಾಣುತ್ತೆ, ಅದು ಕರುಳಿನ ಒಳಪದರ ಉದುರಿದ್ದು, ಮರಿ ಚುರುಕಾಗಿದ್ರೆ ಚಿಂತೆ ಇಲ್ಲ.

ಸುಣ್ಣದಂಗೆ ಬಿಳಿ ಭೇದಿ, ದಿನಕ್ಕೆ ಮೂರು ನಾಲ್ಕು ಸಾಯ್ತಿವೆ

ಎರಡು ಮೂರು ವಾರದ ಒಳಗಿನ ಮರಿ, ರೆಕ್ಕೆ ಜೋತು ಬಿಟ್ಟು, ಬಲ್ಬ್ ಹತ್ರ ಗುಂಪುಗೂಡಿ, ಹಿಂದೆಲ್ಲಾ ಬಿಳಿ ಮೆತ್ಕೊಂಡು ಸಾಲಾಗಿ ಸಾಯ್ತಿದ್ರೆ ಪುಲ್ಲೋರಂ ಅನ್ನೋ ಸಾಲ್ಮೊನೆಲ್ಲಾ ಕಾಯಿಲೆ ಇರ್ಬಹುದು. ಇದು ತಾಯಿ ಕೋಳಿಯಿಂದ ಮೊಟ್ಟೆ ಮೂಲಕವೇ ಬರುತ್ತೆ. ಬರೀ ಅಂಟಿಕೊಳ್ಳೋ ಹಿಕ್ಕೆಗೂ ಇದಕ್ಕೂ ವ್ಯತ್ಯಾಸ ಏನಪ್ಪಾ ಅಂದ್ರೆ ಅದರಲ್ಲಿ ತೊಳೆದು ಬಿಸಿ ಸರಿಮಾಡಿದ್ರೆ ಮರಿ ಓಡಾಡುತ್ತೆ, ಇದರಲ್ಲಿ ತೊಳೆದ್ರೂ ಮಂಕು. ಇಲ್ಲಿ ಮನೆ ಮದ್ದು ಬೇಡ, ಡಾಕ್ಟರೇ. ಉಳಿದ ಮರಿಗಳನ್ನ ತಳಿಗೆ ಇಟ್ಕೋಬೇಡಿ, ಮೇಲೆ ಚೆನ್ನಾಗಿದ್ರೂ ಒಳಗೆ ರೋಗ ಹೊತ್ತಿರುತ್ವೆ, ಮುಂದೆ ಅವುಗಳ ಮೊಟ್ಟೇಲೂ ಬರುತ್ತೆ. ಮೂರರಿಂದ ಆರು ವಾರದ ಮರಿ ಬಿಳಿ ನೀರು ಭೇದಿ ಮಾಡ್ತಾ ತನ್ನ ಹಿಂಭಾಗ ತಾನೇ ಕುಕ್ಕೊಳ್ತಿದ್ರೆ ಗಂಬೋರೋ ಇರ್ಬಹುದು, ಅದು ವೈರಸ್ಸು.

ಹಿಕ್ಕೇಲಿ ರಕ್ತ! ತಕ್ಷಣ ಏನ್ ಮಾಡ್ಲಿ?

ಮೂರರಿಂದ ಆರು ವಾರದ ಮರಿ, ಗರಿ ಉಬ್ಬಿಸ್ಕೊಂಡು ಕಣ್ಣು ಮುಚ್ಚಿ ನಿಂತಿದೆ, ಹೊಟ್ಟಿನ ಮೇಲೆ ಕೆಂಪು ಕಲೆ. ಬಹುತೇಕ ಕಾಕ್ಸಿಡಿಯೋಸಿಸ್, ನಮ್ಮ ಕಡೆ ರಕ್ತ ಭೇದಿ ಅಂತಾರೆ. ಇದು ಬ್ಯಾಕ್ಟೀರಿಯಾ ಅಲ್ಲ, ಐಮೀರಿಯಾ ಅನ್ನೋ ಸೂಕ್ಷ್ಮ ಪರಾವಲಂಬಿ. ಹಿಕ್ಕೇಲಿ ಬರೋ ಅದರ ಮೊಟ್ಟೆಗಳು ಒದ್ದೆ ಹೊಟ್ಟು, ಬೆಚ್ಚಗಿನ ಹವೆ ಸಿಕ್ರೆ ಒಂದೆರಡು ದಿನದಲ್ಲಿ ಹಣ್ಣಾಗುತ್ವೆ, ಮರಿ ಅದನ್ನೇ ಕುಕ್ಕಿ ತಿಂದು ಐದಾರು ದಿನಕ್ಕೆ ರಕ್ತ. ಅದಕ್ಕೇ ಮಳೆಗಾಲದಲ್ಲಿ ಹೆಚ್ಚು, ಅದಕ್ಕೇ ನಾನು ಫೋನಲ್ಲಿ ನೀರಿನ ಡಬ್ಬಿ ಸುತ್ತ ಏನಿದೆ ಅಂತ ಕೇಳೋದು.

ಔಷಧಿ ಅಂಪ್ರೋಲಿಯಂ, ನೀರಿಗೆ ಹಾಕೋ ಪುಡಿ. 20 ಪರ್ಸೆಂಟ್ ಪುಡಿ ಆದ್ರೆ ಸಾಮಾನ್ಯವಾಗಿ ಲೀಟರ್‌ಗೆ 1.2 ಗ್ರಾಂ, ಐದು ದಿನ, ಆಮೇಲೆ ಅರ್ಧ ಪ್ರಮಾಣ ಇನ್ನೊಂದಷ್ಟು ದಿನ, ಆದ್ರೆ ಪ್ಯಾಕೆಟ್ ಮೇಲೆ ಎಷ್ಟು ಪರ್ಸೆಂಟ್ ಅಂತ ಓದಿ ಡಾಕ್ಟರ್‌ನ ಒಂದು ಮಾತು ಕೇಳಿ. ದಿನಾ ಹೊಸದಾಗಿ ಕಲಸ್ಬೇಕು, ಬೇರೆ ನೀರು ಸಿಗಬಾರದು. ಒಂದು ಮರಿಗೆ ಕಂಡ್ರೂ ಎಲ್ಲಾ ಮರಿಗೂ ಕೊಡಿ. ಕಾಯಿಲೆ ಮರಿ ಮೇವು ಬಿಟ್ರೂ ನೀರು ಕುಡಿಯುತ್ತೆ, ಅದಕ್ಕೇ ನೀರಲ್ಲಿ ಕೊಡೋದು.

ಔಷಧಿ ಹಾಕಿ ಹೊಟ್ಟು ಹಾಗೇ ಬಿಟ್ರೆ ಹದಿನೈದು ದಿನಕ್ಕೆ ಮತ್ತೆ ಬರುತ್ತೆ. ಒದ್ದೆ ಹೊಟ್ಟೆಲ್ಲಾ ಎತ್ತಿ ದೂರ ಹಾಕಿ. ಫಿನಾಯಿಲ್‌ಗೆ ಆ ಮೊಟ್ಟೆಗಳು ಸಾಯಲ್ಲ, ಕುದಿಯೋ ನೀರಿಗೆ ಸಾಯುತ್ವೆ, ಹಾಗಾಗಿ ಪಾತ್ರೆಗಳಿಗೆ ಕುದಿನೀರು, ನೆಲಕ್ಕೆ ಬಿಸಿಲು. ನೀರಿನ ಡಬ್ಬಿ ಮರಿ ಬೆನ್ನಿನ ಎತ್ತರಕ್ಕೆ ಇಟ್ಟಿಗೆ ಮೇಲಿಡಿ, ಆಗ ಕೆದರಿ ಒಳಗೆ ಹಿಕ್ಕೆ ಬೀಳಲ್ಲ.

ಅಂಪ್ರೋಲಿಯಂ ಜೊತೆ ಶಕ್ತಿಗೆ ಅಂತ ವಿಟಮಿನ್ ಹಾಕ್ದೆ, ವಾಸಿನೇ ಆಗ್ಲಿಲ್ಲ

ಅಂಪ್ರೋಲಿಯಂ ನೋಡೋಕೆ ವಿಟಮಿನ್ ಬಿ1 ತರಾನೇ ಇರುತ್ತೆ, ಪರಾವಲಂಬಿ ಬಿ1 ಅಂದ್ಕೊಂಡು ಇದನ್ನ ಎಳ್ಕೊಂಡು ಉಪವಾಸ ಬೀಳುತ್ತೆ. ನೀವು ಪಕ್ಕದಲ್ಲೇ ನಿಜವಾದ ಬಿ1 ಬಡಿಸಿದ್ರೆ ಅದು ಊಟ ಮಾಡ್ಕೊಂಡು ಆರಾಮಾಗಿರುತ್ತೆ. ಬಿ ವಿಟಮಿನ್ ಕೋರ್ಸ್ ಮುಗಿದ ಮೇಲೆ ಕೊಡಿ.

## ಚೀಲವೇ ಕೆಟ್ಟಾಗ

ಬೆಳಿಗ್ಗೆ ಎದ್ದಾಗಲೂ ಚೀಲ ತುಂಬಿದೆ, ಗಟ್ಟಿ ಇದೆ, ಎಣ್ಣೆ ಹಾಕಿ ತಿಕ್ಲಾ?

ಮೊದಲು ಒಂದು ರಾತ್ರಿ ಪರೀಕ್ಷೆ. ಸಂಜೆ ಮೇವು ತೆಗೆದು ಬರೀ ನೀರಿಟ್ಟು ಬೆಚ್ಚಗೆ ಮಲಗಿಸಿ, ಬೆಳಿಗ್ಗೆ ನೋಡಿ. ಚಳಿ ಹಿಡಿದ ಮರಿಗೂ ಚೀಲ ಕೆಲಸ ನಿಲ್ಲಿಸುತ್ತೆ, ಬಿಸಿ ಸಿಕ್ರೆ ತಾನೇ ಇಳಿಯುತ್ತೆ. ಇಳೀಲಿಲ್ಲ ಅಂದ್ರೆ ಏನೋ ಕಟ್ಕೊಂಡಿದೆ: ಉದ್ದ ಹುಲ್ಲು, ಗೋಣಿ ದಾರ, ಪ್ಲಾಸ್ಟಿಕ್. ನಮ್ಮ ಕಡೆ ತೆಂಗಿನ ನಾರು. ಒಂದು ಸಲ ಐದು ವಾರದ ಮರಿ ಹಿಡಿದಾಗ ಚೀಲ ಒಳಗೆ ಪಾತ್ರೆ ತಿಕ್ಕೋ ಜುಂಗಿನ ಉಂಡೆ ಮುಟ್ಟಿದಂಗಿತ್ತು, ಹಿಂದಿನ ವಾರ ಕಾಯಿ ಸುಲಿದ ಜಾಗದಲ್ಲಿ ಬಿಟ್ಟಿದ್ದೆ, ನನ್ನದೇ ತಪ್ಪು.

ಮಾಡ್ಬಹುದಾದ್ದು: ಬೆಚ್ಚಗಿನ ನೀರು ಎರಡು ಮೂರು ಹನಿ, ಒಂದೆರಡು ಹನಿ ಕೊಬ್ಬರಿ ಎಣ್ಣೆ, ಕೊಕ್ಕಿನ ಪಕ್ಕಕ್ಕೆ ಒಂದೊಂದೇ ಹನಿ ತಾಗಿಸಿ ಅದೇ ನೆಕ್ಕಿ ನುಂಗೋಕೆ ಬಿಡಿ. ಹತ್ತು ನಿಮಿಷ ಬಿಟ್ಟು ಎರಡು ಬೆರಳಲ್ಲಿ ಚಪಾತಿ ಹಿಟ್ಟಿಗಿಂತ ಮೆತ್ತಗೆ, ಉಂಡೆ ಬಿಡಿಸೋ ತರ ನೀವಿ, ಒಂದೆರಡು ನಿಮಿಷ ಸಾಕು. ದಿನಕ್ಕೆ ಮೂರ್ನಾಲ್ಕು ಸಲ. ಕಾಳು ಕಟ್ಟಿದ್ರೆ ಬಿಡುತ್ತೆ, ನಾರು ಹುಲ್ಲು ಆದ್ರೆ ಹೆಚ್ಚಾಗಿ ಬಿಡಲ್ಲ, ಒಂದೂವರೆ ದಿನ ನೋಡಿ ಡಾಕ್ಟರ್ ಹತ್ರ ಹೋಗಿ. ಮರಿ ಉಪವಾಸ ತಡ್ಕೊಳ್ಳಲ್ಲ.

ಬಾಯಲ್ಲಿ ಹುಳಿ ಹೆಂಡದ ವಾಸನೆ, ಚೀಲ ನೀರು ತುಂಬಿದಂಗೆ ಬಳಬಳ ಅನ್ನುತ್ತೆ

ಇದು ಹುಳಿ ಚೀಲ. ಒಳಗಿದ್ದ ಮೇವು ಕೊಳೆತು ಕ್ಯಾಂಡಿಡಾ ಅನ್ನೋ ಬೂಷ್ಟು ಜಾತಿಯದು ಬೆಳೆದಿರುತ್ತೆ, ಬಾಯಿ ಒಳಗೆ ಮೊಸರು ಅಂಟಿದಂಗೆ ಬಿಳಿ ಕಲೆ ಕಾಣ್ಬಹುದು, ಸತ್ತ ಮರಿ ಚೀಲ ಕೊಯ್ದು ನೋಡಿದ್ರೆ ಒಳಪದರ ಟರ್ಕಿ ಟವೆಲ್ ತರ ದಪ್ಪ ಆಗಿರುತ್ತೆ. ಹಳಸಿದ ಒದ್ದೆ ಮೇವು, ಲೋಳೆ ಕಟ್ಟಿದ ನೀರಿನ ಡಬ್ಬಿ, ಇಲ್ಲಾ ಸುಮ್ಸುಮ್ನೆ ಆಂಟಿಬಯೋಟಿಕ್ ಕೊಟ್ಟು ಒಳ್ಳೆ ಬ್ಯಾಕ್ಟೀರಿಯಾ ಸಾಯಿಸಿದ್ದು, ಈ ಮೂರರಲ್ಲಿ ಒಂದು ಇದ್ದೇ ಇರುತ್ತೆ ಅನ್ನೋದು ನನ್ನ ಅನುಭವ. ಇದಕ್ಕೆ ಡಾಕ್ಟರ್ ನಿಸ್ಟಾಟಿನ್ ಅನ್ನೋ ಬೂಷ್ಟಿನ ಔಷಧಿ ಬರೆದುಕೊಡ್ತಾರೆ. ಆಂಟಿಬಯೋಟಿಕ್ ಕೊಟ್ರೆ ಬೆಂಕಿಗೆ ತುಪ್ಪ. ಬೆಲ್ಲ ಸಕ್ಕರೆ ನೀರು ನಿಲ್ಲಿಸಿ, ಒಣ ಸ್ಟಾರ್ಟರ್ ಸ್ವಲ್ಪ ಸ್ವಲ್ಪ ಕೊಡಿ.

ತಲೆಕೆಳಗೆ ಹಿಡಿದು ಚೀಲ ಒತ್ತಿ ವಾಂತಿ ಮಾಡ್ಸೋ ವಿಡಿಯೋ ನೋಡಿದೆ, ಮಾಡ್ಲಾ?

ಮಾಡಬೇಡಿ. ಶ್ವಾಸದ ತೂತು ನಾಲಿಗೆ ಹಿಂದೇನೇ ಇರೋದು, ಒತ್ತಿದಾಗ ಬರೋ ನೀರು ನೇರ ಅಲ್ಲಿಗೆ ಹೋದ್ರೆ ಕೈಯಲ್ಲೇ ಮುಗೀತು. ಸಿರಿಂಜಿಂದ ಬಾಯಿ ಒಳಗೆ ನೀರು ಬಿಡೋದೂ ಅಷ್ಟೇ. ಹೊಸದರಲ್ಲಿ ನಾನೂ ಮಾಡಿದೀನಿ, ಸುಸ್ತಾಗಿದ್ದ ಮರಿಗೆ ಪಾಪ ಅಂತ ಫಿಲ್ಲರಲ್ಲಿ ಒಂದೇ ಸಲ ಬಿಟ್ಟೆ, ಎರಡು ಸಲ ತಲೆ ಕೊಡವಿ, ಮೂಗಲ್ಲಿ ಗುಳ್ಳೆ ಬಂತು, ಅಷ್ಟೇ. ಕಾಯಿಲೆಯಿಂದ ಸತ್ತಿದ್ದಲ್ಲ ಅದು.

ಚೀಲ ಕೊಯ್ದು ತೆಗೆದು ದಾರದಲ್ಲಿ ಹೊಲಿದ್ರೆ ಬದುಕುತ್ತಂತೆ, ಹೌದಾ?

ದೊಡ್ಡ ಕೋಳಿಗೆ ಪಶು ವೈದ್ಯರು ಮಾಡ್ತಾರೆ, ಚರ್ಮ ಬೇರೆ ಚೀಲ ಬೇರೆ ಎರಡು ಪದರ ಹೊಲೀಬೇಕು, ನೋವಿಗೆ ಮದ್ದು ಬೇಕು. ಬ್ಲೇಡ್ ಹಿಡ್ಕೊಂಡು ಮನೇಲಿ ಮರಿಗೆ ಮಾಡೋದು ಹಿಂಸೆ.

ಉಬ್ಬಿದೆ ಆದ್ರೆ ಒಳಗೆ ಬರೀ ಗಾಳಿ, ಒತ್ತಿದ್ರೆ ಪಕ್ಕಕ್ಕೆ ಸರಿಯುತ್ತೆ

ಅದು ಚೀಲ ಅಲ್ಲದಿರಬಹುದು. ಬಿದ್ದೋ ತುಳಿತಕ್ಕೆ ಸಿಕ್ಕೋ ಒಳಗಿನ ಗಾಳಿಚೀಲ ಹರಿದು ಚರ್ಮದ ಕೆಳಗೆ ಗಾಳಿ ಸೇರುತ್ತೆ, ಚರ್ಮ ಪಾರದರ್ಶಕವಾಗಿ ಬಲೂನ್ ತರ ಕಾಣುತ್ತೆ. ಸಣ್ಣದಾದ್ರೆ ತಾನೇ ಇಳಿಯುತ್ತೆ, ಉಸಿರಿಗೆ ಕಷ್ಟ ಆಗೋಷ್ಟಿದ್ರೆ ಡಾಕ್ಟರ್ ಸೂಜಿಯಿಂದ ತೆಗೀತಾರೆ.

## ಗುಂಪಿಗೇ ಬಂದಾಗ

ಹಸಿರು ಭೇದಿ, ಕತ್ತು ತಿರುಚ್ಕೊಂಡು ಬೀಳ್ತಿವೆ, ಹೊಟ್ಟೆಗೆ ಏನ್ ಕೊಡ್ಲಿ?

ಇದು ಹೊಟ್ಟೆ ಕಾಯಿಲೆ ಅಲ್ಲ, ಕೊಕ್ಕರೆ ರೋಗ, ಅಂದ್ರೆ ರಾಣಿಖೇತ್. ವೈರಸ್, ಬಂದ ಮೇಲೆ ಔಷಧಿ ಇಲ್ಲ, ಮುಂಚೇನೇ ಲಸಿಕೆ. 5ರಿಂದ 7ನೇ ದಿನ ಎಫ್1 ಅಥವಾ ಲಸೋಟಾ ಕಣ್ಣಿಗೋ ಮೂಗಿಗೋ ಒಂದು ಹನಿ, 14ನೇ ದಿನದ ಸುಮಾರಿಗೆ ಗಂಬೋರೋ ಲಸಿಕೆ, 28ನೇ ದಿನದ ಸುಮಾರಿಗೆ ಮತ್ತೆ ಲಸೋಟಾ, 8 ವಾರಕ್ಕೆ ರಾಣಿಖೇತ್‌ಗೇ ಆರ್‌2ಬಿ ಇಂಜೆಕ್ಷನ್. ಲಸಿಕೆ ಐಸ್ ಮೇಲೆ ತರಬೇಕು, ಜೇಬಲ್ಲಿ ತಂದ್ರೆ ನೀರು ಹಾಕಿದಂಗೆ ಲೆಕ್ಕ. ಸಾವು ಒಮ್ಮೆಲೇ ಜಾಸ್ತಿ ಆದ್ರೆ ಮಾರೋದು, ಹಂಚೋದು ಬೇಡ, ಪಶು ಆಸ್ಪತ್ರೆಗೆ ತಿಳಿಸಿ.

ಔಷಧಿ ಅಂಗಡಿಯವ್ರು ಒಂದು ಆಂಟಿಬಯೋಟಿಕ್ ಕೊಟ್ರು, ಎಲ್ಲಾ ಭೇದಿಗೂ ಇದೇ ಅಂತೆ

ನನಗೂ ಒಬ್ರು ಹಂಗೇ ಕೊಟ್ಟಿದ್ರು, ಇಪ್ಪತ್ತೆಂಟು ಮರಿಗೆ ರಕ್ತ ಭೇದಿ, ಮೂರು ದಿನ ಆ ಪುಡಿ ಹಾಕಿದೆ, ಹನ್ನೊಂದು ಹೋದ್ಮೇಲೆ ಡಾಕ್ಟರ್ ಹತ್ರ ಹೋದೆ. ಎಲ್ಲಾ ಭೇದಿಗೂ ಒಂದೇ ಔಷಧಿ ಇದ್ದಿದ್ರೆ ನಾನು ಇಷ್ಟು ಬರೀತಿರ್ಲಿಲ್ಲ. ಚಳಿ, ಪರಾವಲಂಬಿ, ವೈರಸ್, ಬೂಷ್ಟು ಇವಕ್ಕೆ ಆಂಟಿಬಯೋಟಿಕ್ ಮುಟ್ಟೋದೇ ಇಲ್ಲ. ಕೊಲಿಸ್ಟಿನ್ ಅಂತ ಒಂದು ಬರ್ತಿತ್ತು, ಅದು ಮನುಷ್ಯರಿಗೆ ಕೊನೇ ಅಸ್ತ್ರ ಅಂತ 2019ರ ಜುಲೈನಲ್ಲಿ ಕೇಂದ್ರ ಸರ್ಕಾರ ಸಾಕು ಪ್ರಾಣಿ, ಕೋಳಿಗಳಿಗೆ ನಿಷೇಧ ಮಾಡಿದೆ. ಹಳೇ ಡಬ್ಬಿ ಯಾರಾದ್ರೂ ಕೊಟ್ರೆ ತಗೋಬೇಡಿ.

ಜೋಳ ಸ್ವಲ್ಪ ಮುಗ್ಗಲು ಬಂದಿದೆ, ತೊಳೆದು ಒಣಗಿಸಿ ಪುಡಿ ಮಾಡಿ ಹಾಕ್ಬಹುದಾ?

ಮುಗ್ಗಲಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರ್ಬಹುದು. ತೊಳೆದ್ರೂ ಹುರಿದ್ರೂ ನೆಚ್ಚಕ್ಕಾಗಲ್ಲ, ಲಿವರ್ ಕೆಡಿಸುತ್ತೆ, ಮರಿ ಬೆಳೆಯಲ್ಲ. ಮೆಕ್ಕೆಜೋಳ, ಕಡಲೆಕಾಯಿ ಹಿಂಡಿ ಎರಡರಲ್ಲೂ ಇದರ ಭಯ, ಬಾತು ಮರಿಗಂತೂ ಇನ್ನೂ ಹೆಚ್ಚು. ಗೊಬ್ಬರದ ಗುಂಡಿಗೆ ಹಾಕಿ, ಆ ಗುಂಡಿಗೆ ಕೋಳಿ ಹೋಗದಂಗೆ ಮಣ್ಣು ಮುಚ್ಚಿ.

ಸತ್ತ ಮರಿನ ಡಾಕ್ಟರ್‌ಗೆ ತೋರಿಸಿ ಏನು ಪ್ರಯೋಜನ?

ಬದುಕಿರೋದಕ್ಕಿಂತ ಅದೇ ಹೆಚ್ಚು ಹೇಳುತ್ತೆ. ಮೇಲೆ ಹೇಳಿದ ಆ ಇಪ್ಪತ್ತೆಂಟರಲ್ಲಿ ಸತ್ತ ಒಂದನ್ನ ಡಾಕ್ಟರ್ ನನ್ನೆದುರೇ ಕತ್ತರಿ ಹಾಕಿ ತೆಗೆದ್ರು. ಕರುಳಿನ ಕೊನೇಲಿರೋ ಆ ಎರಡು ಕುರುಡು ಚೀಲ ಸಣ್ಣ ಸಾಸೇಜ್ ತರ ಊದಿ ನೇರಳೆ ಬಣ್ಣ ಆಗಿತ್ತು, ಕತ್ತರಿಸಿದ್ರೆ ಒಳಗೆ ಹೆಪ್ಪುಗಟ್ಟಿದ ರಕ್ತ. ಎರಡು ನಿಮಿಷದ ಕೆಲಸ. ಅವತ್ತು ಸಂಜೆಯಿಂದ ಅಂಪ್ರೋಲಿಯಂ ಹಾಕಿ ಉಳಿದ ಹದಿನೇಳರಲ್ಲಿ ಹದಿನಾಲ್ಕು ಉಳೀತು.

ಸತ್ತ ಕೂಡ್ಲೇ ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿ ಐಸ್ ಜೊತೆ ತಗೊಂಡು ಹೋಗಿ, ಫ್ರೀಜರಲ್ಲಿ ಗಡ್ಡೆ ಕಟ್ಟಿಸಬೇಡಿ, ಒಳಗೆ ಏನೂ ಕಾಣಲ್ಲ. ಜೊತೆಗೆ ಹೊಸ ಹಿಕ್ಕೆ, ಒಂದು ಹಿಡಿ ಮೇವು. ಹತ್ತಿರದ ಪಶು ಆಸ್ಪತ್ರೆ, ಇಲ್ಲಾ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್ ಪಶುವೈದ್ಯ ಕಾಲೇಜುಗಳು ಯಾವ್ದು ಹತ್ರವೋ ಅಲ್ಲಿಗೆ. ಎಲ್ಲಿಗೆ ಹೋಗೋದು ಗೊತ್ತಾಗ್ಲಿಲ್ಲ ಅಂದ್ರೆ ಪಶುಪಾಲನಾ ಇಲಾಖೆ ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಉಳಿದ ಹೆಣಗಳನ್ನ ನಾಯಿ ಕೆದಕದಷ್ಟು ಆಳಕ್ಕೆ ಸುಣ್ಣ ಹಾಕಿ ಹೂಳಿ.

ಕಾಯಿಲೆ ಮರಿನ ಬೇರೆ ಇಟ್ರೆ ರಾತ್ರಿಯೆಲ್ಲಾ ಕಿರುಚಿ ಇನ್ನೂ ಸೊರಗುತ್ತೆ, ವಾಪಸ್ ಬಿಡ್ಲಾ?

ಅಂಟು ಹಿಕ್ಕೆ, ಕಟ್ಟಿದ ಚೀಲ ಇಂಥವು ಹರಡಲ್ಲ, ಹಾಗಾಗಿ ಅದೇ ಪೆಟ್ಟಿಗೇಲಿ ಮಧ್ಯಕ್ಕೆ ಒಂದು ತಂತಿ ಬಲೆ ಅಡ್ಡ ಇಟ್ಟು ಈ ಕಡೆ ಇದು, ಆ ಕಡೆ ಅವು ಇರ್ಲಿ, ಒಂದನ್ನೊಂದು ನೋಡ್ಕೊಂಡು ಸುಮ್ನಿರುತ್ವೆ. ರಕ್ತ ಭೇದಿ, ಬಿಳಿ ಭೇದಿ ಆದ್ರೆ ಪೆಟ್ಟಿಗೇನೇ ಬೇರೆ, ಆಗ ಒಂದು ಸಣ್ಣ ಕನ್ನಡಿ ಒಳಗಿಡಿ, ನಗಬೇಡಿ, ಅದಕ್ಕೇ ಒರಗಿ ಮಲಗುತ್ತೆ. ಆರೋಗ್ಯದ ಮರಿಗಳ ಕೆಲಸ ಮೊದಲು ಮುಗಿಸಿ ಕೊನೇಲಿ ಇದರ ಹತ್ರ ಹೋಗಿ, ಚಪ್ಪಲಿ ಬೇರೆ. ವಾಪಸ್ ಬಿಡೋವಾಗ ಹಗಲು ಬಿಡಬೇಡಿ, ಎಲ್ಲಾ ಸೇರಿ ಕುಕ್ಕುತ್ವೆ. ರಾತ್ರಿ ಅವು ನಿದ್ದೆ ಮಾಡ್ತಿರೋವಾಗ ಮೆಲ್ಲಗೆ ಮಧ್ಯಕ್ಕೆ ತೂರಿಸಿಬಿಡಿ, ಬೆಳಿಗ್ಗೆ ಎದ್ದಾಗ ಯಾವತ್ತೂ ಅಲ್ಲೇ ಇತ್ತು ಅಂದ್ಕೊಳ್ಳುತ್ವೆ.